500 ಮೀಟರ್ ಲೆಕ್ಕ: ಪಂಪ್‌ಸೆಟ್ಟಿಗೆ ಲೈನ್ ಎಳೆಯೋದಾ, ಸೋಲಾರ್ ಕೊಡೋದಾ?

ಕರ್ನಾಟಕದಲ್ಲಿ ಈಗ ಕೊಳವೆಬಾವಿಗೆ ಹೊಸದಾಗಿ ಕರೆಂಟ್ ಕೇಳುವ ರೈತನ ವಿಚಾರ ಒಂದು ಟೇಪಿನ ಮೇಲೆ ನಿಂತಿದೆ. ಬೋರು ಈಗಾಗಲೇ ಇರುವ ವಿದ್ಯುತ್ ಜಾಲದಿಂದ 500 ಮೀಟರ್ ಒಳಗಿದ್ದರೆ ಲೈನ್. ಅದರಾಚೆ ಇದ್ದರೆ ಸೋಲಾರ್ ಪಂಪು. ಸೋಲಾರ್ ಪಂಪಿಗೆ ಪಿಎಂ ಕುಸುಮ್ ಯೋಜನೆಯ ಬಿ ವಿಭಾಗದ ಅಡಿ ಕೇಂದ್ರ 30% ಕೊಡುತ್ತದೆ, ರಾಜ್ಯ ತನ್ನ ಪಾಲನ್ನು 30%ನಿಂದ 50%ಕ್ಕೆ ಏರಿಸಿತು, ಉಳಿದ 20% ರೈತನದು.

ನೋಡಲು ಇದು ಸುಮ್ನೆ ಒಂದು ಆಡಳಿತದ ನಿಯಮ. ಆದರೆ ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ವಿದ್ಯುತ್ ಯೋಜನೆ ಮಾಡುವವರು ಸಾಮಾನ್ಯವಾಗಿ ಎಷ್ಟು ಮೆಗಾವ್ಯಾಟ್ ಬೇಕು, ಎಲ್ಲಿಂದ ಬರುತ್ತದೆ, ಯೂನಿಟ್ಟಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಊರೊಳಗಿನ ಕಂಬ, ತಂತಿ, ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ಖರ್ಚನ್ನು ಕೊನೆಗೆ ಒಂದಿಷ್ಟು ಪರ್ಸೆಂಟ್ ಅಂತ ಸೇರಿಸಿ ಮುಗಿಸುತ್ತಾರೆ. ಕೇಂದ್ರ ವಿದ್ಯುತ್ ಸಚಿವಾಲಯ 2023ರ ಜೂನ್‌ನಲ್ಲಿ ಹೊರಡಿಸಿದ ರಿಸೋರ್ಸ್ ಅಡಿಕ್ವಸಿ, ಅಂದರೆ ಬೇಡಿಕೆಗೆ ತಕ್ಕಷ್ಟು ಕರೆಂಟ್ ಹೊಂದಿಸಿಕೊಳ್ಳುವ, ಮಾರ್ಗಸೂಚಿಯ ಗಮನವೂ ಮುಖ್ಯವಾಗಿ ಉತ್ಪಾದನೆ, ಖರೀದಿಯ ಮೇಲೆ. ಅಂಥದ್ದರಲ್ಲಿ ಈ 500 ಮೀಟರ್ ನಿಯಮ ಸ್ಥಳೀಯ ಜಾಲದ ಖರ್ಚನ್ನು ನೇರವಾಗಿ ತೀರ್ಮಾನದ ಮಧ್ಯಕ್ಕೆ ತಂದಿದೆ. ಅದು ಒಳ್ಳೆಯದೇ. ಆದರೆ ಅಳೆದಿರುವುದು ಆ ಖರ್ಚಿನ ಒಂದು ತುಂಡನ್ನು ಮಾತ್ರ. ಉಳಿದ ತುಂಡುಗಳನ್ನೂ ತೂಗಿದರೆ 500 ಎಂಬ ಸಂಖ್ಯೆ ಏನಾಗುತ್ತದೆ ಎಂಬುದೇ ಈ ಬರಹದ ವಿಷಯ.

ಇಲ್ಲಿಗೆ ಬಂದದ್ದು ಹೇಗೆ

ರಾಜ್ಯದಲ್ಲಿ ನೀರಾವರಿ ಪಂಪುಗಳ, ಅಂದರೆ ಐಪಿ ಸೆಟ್‌ಗಳ ಸಂಖ್ಯೆ 34 ಲಕ್ಷದ ಆಸುಪಾಸಿನಲ್ಲಿದೆ. ರಾಜ್ಯ ಬಳಸುವ ಕರೆಂಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇವುಗಳದ್ದೇ. 2008ರಿಂದ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ, ದುಡ್ಡನ್ನು ಸರ್ಕಾರ ಎಸ್ಕಾಂಗಳಿಗೆ, ಅಂದರೆ ವಿದ್ಯುತ್ ವಿತರಣಾ ಕಂಪನಿಗಳಿಗೆ, ಸಬ್ಸಿಡಿಯಾಗಿ ತುಂಬಿಕೊಡಬೇಕು. ಮೋಟ್ರು ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ.

ಕರೆಂಟಿಗೆ ಬೆಲೆ ಇಲ್ಲ, ಆದರೆ ಸಂಪರ್ಕಕ್ಕೆ ಕಾಯಬೇಕು. ಇಂಥ ಕಡೆ ಏನಾಗುತ್ತದೋ ಅದೇ ಆಯಿತು. ಬೋರು ಕೊರೆಸಿ ನೀರು ಬಿದ್ದವರು ಅರ್ಜಿ ಹಾಕಿ ವರ್ಷಗಟ್ಟಲೆ ಕೂರಲಿಲ್ಲ, ಹತ್ತಿರದ ಎಲ್‌ಟಿ ಲೈನಿಗೆ, ಅಂದರೆ ಟಿಸಿಯಿಂದ ಹೊರಡುವ 415 ವೋಲ್ಟಿನ ಲೈನಿಗೆ, ಕೊಕ್ಕೆ ಹಾಕಿದರು. ಬೆಳೆ ಒಣಗುವಾಗ ಯಾರು ಕಾಯುತ್ತಾರೆ, ಅಲ್ವಾ? ಇಂಥವನ್ನು ಲೆಕ್ಕಕ್ಕೆ ತರಲು ಅಕ್ರಮ-ಸಕ್ರಮ ಯೋಜನೆ ಬಂತು. ಶುಲ್ಕ ಕಟ್ಟಿಸಿಕೊಂಡು, ಗ್ರಾಹಕ ಸಂಖ್ಯೆಯಾದ ಆರ್‌ಆರ್ ನಂಬರ್ ಕೊಟ್ಟು, ಕಂಬ, ತಂತಿ, ಟಿಸಿ ಎಲ್ಲವನ್ನೂ ಎಸ್ಕಾಂ ಹಾಕಿಕೊಡುವುದು. ಸಕ್ರಮಕ್ಕೆ ಕಾದಿದ್ದ ಪಂಪುಗಳು ಸುಮಾರು 4.5 ಲಕ್ಷ ಎಂದು ಸರ್ಕಾರವೇ ಹೇಳಿತ್ತು.

2023ರ ಸೆಪ್ಟೆಂಬರ್‌ನಲ್ಲಿ ಗೆರೆ ಎಳೆದರು. ಅದಕ್ಕೆ ಮುಂಚೆ ನೋಂದಾಯಿಸಿದವರಿಗೆ ಹಳೆಯ ರೀತಿಯಲ್ಲೇ ಮೂಲಸೌಕರ್ಯ. ಆಮೇಲೆ ಬಂದವರು ಕಂಬ-ತಂತಿಯ ಖರ್ಚು ತಾವೇ ಹೊರಬೇಕು. ದೂರದವರಿಗೆ ಸೋಲಾರ್. ಹೀಗೆ 500 ಮೀಟರ್ ಎಂಬ ಮಾತು ಎಸ್ಕಾಂ ಕಚೇರಿಗಳಲ್ಲಿ ದಿನಬಳಕೆಯ ಮಾತಾಯಿತು.

ಸ್ಥಳೀಯ ಜಾಲವನ್ನು ಗಮನದಲ್ಲಿಟ್ಟು ಕರ್ನಾಟಕ ತೀರ್ಮಾನ ಮಾಡಿದ್ದು ಇದೇ ಮೊದಲಲ್ಲ ಎಂಬುದನ್ನೂ ಹೇಳಬೇಕು. ಪಾವಗಡದಲ್ಲಿ ಒಂದೇ ಕಡೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದ ಕಾಲದಲ್ಲೇ, 2016ರ ಸುಮಾರಿಗೆ, ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ 60 ತಾಲ್ಲೂಕುಗಳಲ್ಲಿ ಒಟ್ಟು 1,200 ಮೆಗಾವ್ಯಾಟಿಗೆ ಟೆಂಡರ್ ಕರೆದಿತ್ತು. ತಾಲ್ಲೂಕಿಗೆ ಹೆಚ್ಚೆಂದರೆ 20 ಮೆಗಾವ್ಯಾಟ್. ಕರೆಂಟ್ ಹುಟ್ಟುವ ಜಾಗವನ್ನು ಬಳಸುವ ಜಾಗದ ಹತ್ತಿರಕ್ಕೆ ತಂದರೆ ಇರುವ ಸಬ್‌ಸ್ಟೇಷನ್‌ಗಳಲ್ಲೇ ಕೆಲಸ ಸಾಗುತ್ತದೆ, ದೊಡ್ಡ ಲೈನ್ ಎಳೆಯುವುದು ತಪ್ಪುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಪಾವಗಡಕ್ಕಾದರೋ 66 ಕೆವಿಯಿಂದ (ಕೆವಿ ಎಂದರೆ ಸಾವಿರ ವೋಲ್ಟ್) 220ಕ್ಕೆ ಏರಿಸುವ ಎಂಟು ಸಬ್‌ಸ್ಟೇಷನ್, ಅದರ ಮೇಲೆ ಕೇಂದ್ರದ ಪ್ರಸರಣ ಕಂಪನಿ ಪವರ್‌ಗ್ರಿಡ್‌ನ 400 ಕೆವಿ ಸ್ಟೇಷನ್ ಬೇಕಾಯಿತು. 500 ಮೀಟರ್ ನಿಯಮದ ಹಿಂದೆ ಇರುವುದೂ ಅದೇ ಯೋಚನೆ, ಅಳತೆ ಮಾತ್ರ ಮೆಗಾವ್ಯಾಟಿನಿಂದ ಎಚ್‌ಪಿಗೆ ಇಳಿದಿದೆ.

ಒಂದು ಟಿಸಿ, ನಾಲ್ಕು ಮೋಟ್ರು

ಮೀಟರಿನ ಲೆಕ್ಕಕ್ಕೆ ಹೋಗುವ ಮುಂಚೆ ಹೊಲದಲ್ಲಿ ನಿಜವಾಗಿ ಏನು ನಡೆಯುತ್ತದೆ ನೋಡೋಣ.

ಹೊಲದ ಬದುವಿನಲ್ಲಿ ಎರಡು ಕಂಬದ ನಡುವೆ ಕೂತಿರುವ ಸಣ್ಣ ಟಿಸಿ 25 ಕೆವಿಎಯದು (ಕೆವಿಎ ಎಂದರೆ ಟಿಸಿ ಹೊರಬಲ್ಲ ಭಾರದ ಅಳತೆ). 5 ಎಚ್‌ಪಿ ಮೋಟ್ರು ಓಡುವಾಗ ಲೈನಿನಿಂದ ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆ. ಕೆಪಾಸಿಟರ್ ಹಾಕಿರುವುದಿಲ್ಲ, ಪವರ್ ಫ್ಯಾಕ್ಟರ್, ಅಂದರೆ ಎಳೆದ ಭಾರದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.8 ಎಂದುಕೊಂಡರೆ ಟಿಸಿಯ ಮೇಲೆ 6 ಕೆವಿಎ ಚಿಲ್ಲರೆ. ಕರೆಂಟು 9 ಆಂಪಿಯರ್ ಹತ್ತಿರ. ನಾಲ್ಕು ಮೋಟ್ರಿಗೆ ಆ ಟಿಸಿ ಭರ್ತಿ. ಐದನೆಯವನು ಬಂದು "ಅಣ್ಣಾ, ನಂದೊಂದು ಸೇರಿಸಿಬಿಡಣ್ಣ" ಎಂದರೆ ಲೈನ್‌ಮನ್ "ತಡೆಯಲ್ಲಪ್ಪಾ ಇದು" ಎನ್ನುತ್ತಾನೆ. ಸಂಜೆ ಹೊತ್ತಿಗೆ ಅದು ಹೇಗೋ ಸೇರಿಕೊಂಡಿರುತ್ತದೆ.

ಇದರ ಮೇಲೆ ಆಟೋ ಸ್ಟಾರ್ಟರ್ ಬೇರೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಎದ್ದು ಹೋಗಿ ಹಸಿರು ಬಟನ್ ಒತ್ತುವವರು ಯಾರು? ಹಾಗಾಗಿ ಕರೆಂಟ್ ಬಂದ ಕ್ಷಣ ಎಲ್ಲ ಮೋಟ್ರುಗಳೂ ಒಟ್ಟಿಗೆ ಎದ್ದೇಳುತ್ತವೆ. ಓಡುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಕರೆಂಟನ್ನು ಎದ್ದೇಳುವಾಗ ಎಳೆಯುತ್ತವೆ. ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಬರುತ್ತದೆ. ಆಮೇಲೆ ಸುಡುವುದು ಟಿಸಿ.

ಈಗ ತಂತಿಗೆ ಬರೋಣ. ಟಿಸಿಯಿಂದ 500 ಮೀಟರ್ ದೂರಕ್ಕೆ ಎಲ್‌ಟಿ ಲೈನ್ ಎಳೆದು ಅದರ ತುದಿಯಲ್ಲಿ ನಾಲ್ಕು ಮೋಟ್ರು ಕೂರಿಸಿದ್ದೇವೆ ಎಂದುಕೊಳ್ಳಿ. ತಂತಿ ವೀಸೆಲ್ ಆದರೆ, ಅಂದರೆ ಕಿಲೋಮೀಟರಿಗೆ 0.9 ಓಮ್ ಚಿಲ್ಲರೆ ಇರುವ ತೆಳು ತಂತಿಯಾದರೆ, 36 ಆಂಪಿಯರ್ ಹರಿದಾಗ ಸುಮಾರು 30 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. 415 ಇದ್ದದ್ದು 385. ಎಲ್‌ಟಿಯಲ್ಲಿ 6%ನಷ್ಟು ಏರಿಳಿತಕ್ಕೆ ಅವಕಾಶ, ಇಲ್ಲಿ 7% ದಾಟಿದೆ. ಇದು ಟಿಸಿಯ ಬಾಯಲ್ಲಿ ಪೂರ್ತಿ 415 ಇದ್ದರೆ ಬರುವ ಲೆಕ್ಕ. ಬೇಸಗೆಯಲ್ಲಿ ಫೀಡರಿನ, ಅಂದರೆ ಸಬ್‌ಸ್ಟೇಷನ್ನಿನಿಂದ ಟಿಸಿಗಳಿಗೆ ಬರುವ 11 ಕೆವಿ ಲೈನಿನ, ಕೊನೆಯ ಟಿಸಿಯಲ್ಲಿ ಅಷ್ಟಿದ್ದರೆ ಅದೃಷ್ಟ. ವೋಲ್ಟೇಜು ಕಡಿಮೆಯಾದರೆ ಮೋಟ್ರು ಜಾಸ್ತಿ ಆಂಪಿಯರ್ ಎಳೆಯುತ್ತದೆ, ಬಿಸಿಯಾಗುತ್ತದೆ, ವೈಂಡಿಂಗ್ ಸುಡುತ್ತದೆ. ಆ ರಿವೈಂಡಿಂಗ್ ಖರ್ಚು ಯಾವ ಯೋಜನೆಯ ಲೆಕ್ಕದಲ್ಲೂ ಬರುವುದಿಲ್ಲ, ರೈತನ ಜೇಬಿನಿಂದ ನೇರ ಅಂಗಡಿಗೆ ಹೋಗುತ್ತದೆ.

ಸ್ವಲ್ಪ ದಪ್ಪದ ರ‍್ಯಾಬಿಟ್ ತಂತಿ ಹಾಕಿದರೆ ಅದೇ ಜಾಗದಲ್ಲಿ ಬೀಳುವುದು 20 ವೋಲ್ಟ್, 5%ಗಿಂತ ಕೊಂಚ ಕಡಿಮೆ. ಪಾಸು. ಆದರೆ ಅಕ್ರಮವಾಗಿ ಇನ್ನೆರಡು ಮೋಟ್ರು ಸೇರಿದರೆ ಮತ್ತೆ 30 ವೋಲ್ಟಿಗೇ ಬಂದು ನಿಲ್ಲುತ್ತೇವೆ.

ನಷ್ಟವನ್ನೂ ನೋಡಿ. ವೀಸೆಲ್ ತಂತಿಯಲ್ಲಿ 36 ಆಂಪಿಯರ್ ಹರಿಯುವಾಗ ತಂತಿ ಬಿಸಿಯಾಗಲು ಹೋಗುವುದೇ 1.8 ಕಿಲೋವ್ಯಾಟ್. ನಾಲ್ಕು ಮೋಟ್ರಿನ 20 ಕಿಲೋವ್ಯಾಟ್‌ನಲ್ಲಿ 9%. ದಿನಕ್ಕೆ 7 ಗಂಟೆ, ವರ್ಷಕ್ಕೆ 200 ದಿನ ಓಡಿತು ಎಂದರೆ 2,500 ಯೂನಿಟ್ ಹೊಲದ ಗಾಳಿಗೆ. ಅದೇ 500 ಮೀಟರನ್ನು 11 ಕೆವಿ ಲೈನಿನಲ್ಲಿ ಕ್ರಮಿಸಿ ಟಿಸಿಯನ್ನೇ ಬೋರಿನ ಪಕ್ಕಕ್ಕೆ ತಂದರೆ? ಕರೆಂಟು 36ರಿಂದ 1.3 ಆಂಪಿಯರಿಗೆ ಇಳಿಯುತ್ತದೆ, ತಂತಿಯಲ್ಲಿ ಹೋಗುವ ನಷ್ಟ ಎರಡು ಮೂರು ವ್ಯಾಟ್. ಕಿಲೋವ್ಯಾಟ್ ಅಲ್ಲ, ವ್ಯಾಟ್.

ಅಂದರೆ 500 ಮೀಟರ್ ಎಂಬುದು ಎಂಜಿನಿಯರಿಂಗ್ ದೃಷ್ಟಿಯಿಂದ ಒಂದೇ ಅಳತೆ ಅಲ್ಲ. ಎಲ್‌ಟಿಯಲ್ಲಿ ಅದು ತುಂಬಾ ದೂರ. 11 ಕೆವಿಯಲ್ಲಿ ಏನೇನೂ ಅಲ್ಲ. ಅಳೆಯಲು ಶುರು ಮಾಡುವುದು ಟಿಸಿಯಿಂದಲೋ 11 ಕೆವಿ ಕಂಬದಿಂದಲೋ ಎಂಬುದರ ಮೇಲೆ ಅರ್ಧ ಉತ್ತರ ನಿಂತಿದೆ.

ಲೆಕ್ಕ

ಈಗ ದುಡ್ಡು. ಮುಂದೆ ಬರುವ ದರಗಳು ಲೆಕ್ಕದ ರೀತಿ ತೋರಿಸಲು ನಾನೇ ಇಟ್ಟುಕೊಂಡವು, ಯಾವ ಎಸ್ಕಾಂನ ದರಪಟ್ಟಿಯಿಂದಲೂ ತಂದದ್ದಲ್ಲ. ನಿಮ್ಮ ಹತ್ತಿರ ಅಸಲಿ ದರಗಳಿದ್ದರೆ ಅವನ್ನು ಹಾಕಿ ನೋಡಿ, ಸಂಖ್ಯೆ ಬದಲಾಗುತ್ತದೆ, ಚಿತ್ರ ಅಷ್ಟಾಗಿ ಬದಲಾಗುವುದಿಲ್ಲ.

5 ಎಚ್‌ಪಿ ಸೋಲಾರ್ ಪಂಪಿಗೆ 3.5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 20 ವರ್ಷದ ರಿಪೇರಿ, ಕಂಟ್ರೋಲರ್ ಬದಲಾವಣೆಗೆ ಇವತ್ತಿನ ಬೆಲೆಯಲ್ಲಿ 40,000. ಒಟ್ಟು 3.9 ಲಕ್ಷ. ಲೈನಿನ ಕಡೆ ನಾಲ್ಕು ಬಾಬತ್ತು. ಟಿಸಿಯಲ್ಲಿ ಒಂದು ಪಂಪಿನ ಪಾಲು 30,000. ಸರ್ವಿಸ್ ವೈರು, ಮೀಟರ್ ಇತ್ಯಾದಿ 15,000. ಮೇಲಿನ ಫೀಡರು, ಸಬ್‌ಸ್ಟೇಷನ್ನಿನಲ್ಲಿ ಈ ಪಂಪು ಹಿಡಿಯುವ ಜಾಗಕ್ಕೆ ಕಿಲೋವ್ಯಾಟಿಗೆ 8,000ದಂತೆ 40,000. ಇವು ಮೂರೂ ಸೇರಿ 85,000. ನಾಲ್ಕನೆಯದು ಲೈನು, ಮೀಟರಿಗೆ 400 ರೂಪಾಯಿ. ಎಷ್ಟು ಉದ್ದದ ತನಕ ಲೈನ್ ಅಗ್ಗ ಎಂದು ಹುಡುಕಬೇಕು.

ಕರೆಂಟಿಗೆ ಬೆಲೆಯೇ ಇಲ್ಲ, ಅದು ಹೇಗಿದ್ದರೂ ಉಚಿತ ಎಂದುಕೊಂಡರೆ 3.9 ಲಕ್ಷದಲ್ಲಿ 85,000 ಕಳೆದು 400ರಿಂದ ಭಾಗಿಸಿ. 760 ಮೀಟರ್ ಬರುತ್ತದೆ. ಅಲ್ಲಿವರೆಗೂ ಲೈನೇ ಲಾಭ.

ಆದರೆ ಕರೆಂಟ್ ಉಚಿತ ಆಗಿರುವುದು ರೈತನಿಗೆ, ಸರ್ಕಾರಕ್ಕಲ್ಲ. ವರ್ಷಕ್ಕೆ 7,000 ಯೂನಿಟ್, ಯೂನಿಟ್ಟಿಗೆ 3 ರೂಪಾಯಿ, ಅಂದರೆ ಹಗಲಿನ ಅಗ್ಗದ ಸೋಲಾರ್ ಕರೆಂಟನ್ನೇ ಕೊಡುತ್ತೇವೆ ಎಂದುಕೊಂಡರೂ ವರ್ಷಕ್ಕೆ 21,000. 20 ವರ್ಷದ್ದನ್ನು 8% ಬಡ್ಡಿಯಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ 2.06 ಲಕ್ಷ. ಇದನ್ನೂ ಸೇರಿಸಿದರೆ 760 ಇದ್ದದ್ದು ಒಮ್ಮೆಗೇ 250 ಮೀಟರಿಗೆ ಇಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಕರೆಂಟಿನ ಖರ್ಚೇ 4.8 ಲಕ್ಷ. ಆಗ ಬೋರು ಟಿಸಿಯ ಕೆಳಗೇ ಇದ್ದರೂ ಸೋಲಾರ್ ಅಗ್ಗ! ತಿರುಗಿಸಿ ಕೇಳೋಣ: 500 ಮೀಟರ್ ಸರಿಯಾದ ಗೆರೆ ಆಗಬೇಕಾದರೆ ಯೂನಿಟ್ ಎಷ್ಟಿರಬೇಕು? ಒಂದೂವರೆ ರೂಪಾಯಿ.

ಇಷ್ಟಕ್ಕೇ "ನೋಡಿ, ಎಲ್ಲರಿಗೂ ಸೋಲಾರ್ ಕೊಟ್ಟುಬಿಡಿ" ಎನ್ನುವವರಿದ್ದಾರೆ. ನಾನು ಅವರ ಜೊತೆ ಇಲ್ಲ. ಯಾಕೆಂದರೆ ಎರಡೂ ಕಡೆ ಸಿಗುವ ನೀರು ಒಂದೇ ಅಲ್ಲ. ಲೈನಿನ ಪಂಪಿಗೆ 7 ಗಂಟೆಯಲ್ಲಿ 35 ಯೂನಿಟ್ ಸಿಗುತ್ತದೆ. 4.8 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಕೊಡುವುದು 20 ಯೂನಿಟ್ ಆಸುಪಾಸು. ಸೋಲಾರ್ ಪಂಪುಗಳು ಕರೆಂಟನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ, ನಿಜ. ಆದರೂ ಪೂರ್ತಿ ಸರಿದೂಗುವುದಿಲ್ಲ. ಅಷ್ಟೇ ನೀರು ಬೇಕೆಂದು ಒಂದೂವರೆ ಪಟ್ಟು ದೊಡ್ಡ ವ್ಯವಸ್ಥೆ, ಅಂದರೆ 5.25 ಲಕ್ಷದ್ದು ಹಾಕಿದರೆ, 3 ರೂಪಾಯಿ ಯೂನಿಟ್ಟಿನ ಲೆಕ್ಕದಲ್ಲಿ ಗೆರೆ 685 ಮೀಟರಿಗೆ ಜಿಗಿಯುತ್ತದೆ. 7 ರೂಪಾಯಿ ಹಿಡಿದರೆ ಸರಿಯಾಗಿ ಸೊನ್ನೆಗೆ ಬಂದು ಕೂರುತ್ತದೆ. ಆ 7 ರೂಪಾಯಿಯಲ್ಲಿ ಜಾಲದ ಖರ್ಚೂ ಸೇರಿರುತ್ತದೆ, ನಾವು ಅದನ್ನು 85,000ದಲ್ಲಿ ಒಮ್ಮೆ ಆಗಲೇ ಎಣಿಸಿದ್ದೇವೆ. ಹಾಗಾಗಿ ಸರಾಸರಿ ದರ ಹಾಕುವವರು ಒಂದೇ ಕಂಬಕ್ಕೆ ಎರಡು ಸಲ ದುಡ್ಡು ಬರೆಯುತ್ತಿರುತ್ತಾರೆ.

ಹೀಗೆ ಏನನ್ನು ಸೇರಿಸುತ್ತೀರಿ, ಏನನ್ನು ಬಿಡುತ್ತೀರಿ ಎಂಬುದರ ಮೇಲೆ ಉತ್ತರ ಸೊನ್ನೆಯಿಂದ 760 ಮೀಟರ್‌ವರೆಗೆ ಓಡಾಡುತ್ತದೆ. 500 ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಈ ಹರವಿನ ಒಳಗೇ ಇದೆ. ಆದರೆ ಅದನ್ನು ಬದಲಿಸಬಲ್ಲ ಅತಿ ದೊಡ್ಡ ಅಂಶ ಲೈನಿನ ಉದ್ದ ಅಲ್ಲವೇ ಅಲ್ಲ. ಕರೆಂಟಿನ ಬೆಲೆ ಮತ್ತು ಬೇಕಾದ ನೀರು, ಇವೆರಡೂ ಉದ್ದಕ್ಕಿಂತ ಜಾಸ್ತಿ ತೂಗುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರುಗಳು ಸಾವಿರ ಅಡಿ ದಾಟಿವೆ. ಅಲ್ಲಿಂದ ನೀರೆತ್ತಲು 5 ಎಚ್‌ಪಿ ಯಾವ ಮೂಲೆಗೂ ಸಾಲದು. ನಿಯಮ ನೆಲದ ಮೇಲೆ ಅಡ್ಡ ಅಳೆಯುತ್ತದೆ, ಆಳವನ್ನು ಕೇಳುವುದೇ ಇಲ್ಲ.

ಮೂರು ಜೇಬು

ಇದುವರೆಗೆ ಮಾಡಿದ್ದು ಇಡೀ ಸಮಾಜದ ಲೆಕ್ಕ. ತೀರ್ಮಾನ ಮಾಡುವವರು ಹಾಗೆ ನೋಡುವುದಿಲ್ಲ, ಅವರವರ ಜೇಬು ಅವರವರಿಗೆ.

ರಾಜ್ಯ ಸರ್ಕಾರಕ್ಕೆ ಸೋಲಾರ್ ಪಂಪಿನಲ್ಲಿ ಬೀಳುವುದು ಅರ್ಧ, 1.75 ಲಕ್ಷ, ಒಂದೇ ಸಲ. ಲೈನ್ ಕೊಟ್ಟರೆ ಅಗ್ಗದ ಕರೆಂಟಿನ ಲೆಕ್ಕದಲ್ಲೂ 2.06 ಲಕ್ಷದ ಸಬ್ಸಿಡಿ ಹೊರೆ. ಅಂದರೆ ರಾಜ್ಯದ ಖಜಾನೆಗೆ ಲೈನಿನ ಉದ್ದ ಎಷ್ಟೇ ಇರಲಿ ಸೋಲಾರೇ ಮೇಲು. 30% ದೆಹಲಿಯಿಂದ ಬರುತ್ತದಲ್ಲ!

ರೈತನಿಗೆ ಸೋಲಾರಿನಲ್ಲಿ 20%, ಅಂದರೆ 70,000. ಹೊಸ ಅರ್ಜಿದಾರ ಲೈನಿಗೆ ಹೋದರೆ ಕಂಬ-ತಂತಿ ಅವನದೇ. ಟಿಸಿಯನ್ನು ಎಸ್ಕಾಂ ಕೊಡುತ್ತದೆ ಎಂದುಕೊಂಡರೂ ಅವನಿಗೆ ಲೈನ್ ಅಗ್ಗ ಆಗುವುದು ಸುಮಾರು 140 ಮೀಟರ್‌ವರೆಗೆ ಮಾತ್ರ. ಆದರೂ 300-400 ಮೀಟರ್ ದೂರದವರು ಸಾಲ ಮಾಡಿಯಾದರೂ ಲೈನನ್ನೇ ಕೇಳುತ್ತಾರೆ ಎಂದರೆ ಅದು ಹಟ ಅಲ್ಲ. ರಾತ್ರಿಯೂ ನೀರು ಹಾಯಿಸಬಹುದು, ಬೋರು ಇನ್ನೂ ಕೆಳಗೆ ಹೋದರೆ 7.5 ಎಚ್‌ಪಿ ಇಳಿಸಬಹುದು, ಪ್ಯಾನೆಲ್ ಕಳ್ಳತನದ ಭಯ ಇಲ್ಲ, ಮೋಟ್ರು ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ಸಾಕು. ಅವರ ಲೆಕ್ಕದಲ್ಲಿ ಇದಕ್ಕೆಲ್ಲ ಬೆಲೆ ಇದೆ, ನಮ್ಮ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ, ಅಷ್ಟೇ.

ಎಸ್ಕಾಂನದ್ದು ಮೂರನೇ ಜೇಬು. ತಾನು ಹಾಕಿದ ಟಿಸಿ, ಲೈನು, ಬಲಪಡಿಸಿದ ಫೀಡರು ಎಲ್ಲ ಅದರ ಆಸ್ತಿಯ ಪಟ್ಟಿಗೆ ಸೇರುತ್ತದೆ, ರಾಜ್ಯದ ವಿದ್ಯುತ್ ದರ ತೀರ್ಮಾನಿಸುವ ಆಯೋಗವಾದ ಕೆಇಆರ್‌ಸಿ ಒಪ್ಪಿದರೆ ದರದ ಮೂಲಕ ಎಲ್ಲ ಗ್ರಾಹಕರಿಂದ ವಾಪಸ್ ಬರುತ್ತದೆ. ಬೆಂಗಳೂರಿನ ಬಿಲ್ಲಿನಲ್ಲೂ ಪಾವಗಡ ತಾಲ್ಲೂಕಿನ ಕಂಬದ ಒಂದು ಪೈಸೆ ಇರುತ್ತದೆ. ನನ್ನ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ, ಜಾಲ ಅಂದರೆ ಹಂಚಿಕೊಳ್ಳುವುದೇ. ತೊಂದರೆ ಇರುವುದು ಹೊಸಬನಿಗೆ ಹಾಕುವ ಎಸ್ಟಿಮೇಟಿನಲ್ಲಿ. ಫೀಡರು ಹತ್ತು ವರ್ಷದಿಂದ ಅಕ್ರಮ ಮೋಟ್ರುಗಳ ಭಾರಕ್ಕೆ ಬಗ್ಗಿದೆ, ಕೊನೆಗೆ ನಿಯಮದ ಪ್ರಕಾರ ಅರ್ಜಿ ಹಾಕಿದವನಿಗೆ "ಹೊಸ ಟಿಸಿ ಬೇಕು, ನೀನೇ ಖರ್ಚು ಹೊರು" ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಒಬ್ಬೊಬ್ಬರನ್ನೇ ಅಳೆದರೆ

ನನಗೆ ಈ ನಿಯಮದಲ್ಲಿ ನಿಜವಾಗಿ ಕೊರತೆ ಕಾಣುವುದು ಸಂಖ್ಯೆಯಲ್ಲಲ್ಲ, ಒಬ್ಬೊಬ್ಬರನ್ನೇ ಅಳೆಯುವ ಕ್ರಮದಲ್ಲಿ.

ಲೈನಿನಿಂದ 900 ಮೀಟರ್ ಆಚೆ ಅಕ್ಕಪಕ್ಕದಲ್ಲಿ ಐದು ಬೋರುಗಳಿವೆ ಎಂದುಕೊಳ್ಳಿ. ಮೊದಲನೆಯವನು ಅರ್ಜಿ ಹಾಕಿದ. 900 ಮೀಟರ್, ಸೋಲಾರ್. ಆರು ತಿಂಗಳಿಗೆ ಎರಡನೆಯವನು. ಅದೇ ಉತ್ತರ. ಹೀಗೆ ಐವರಿಗೂ ಸೋಲಾರ್ ಆದರೆ ರಿಪೇರಿಯೂ ಸೇರಿ 19.5 ಲಕ್ಷ. ಐವರನ್ನೂ ಒಟ್ಟಿಗೆ ನೋಡಿದ್ದರೆ 900 ಮೀಟರ್ ಲೈನಿಗೆ 3.6 ಲಕ್ಷ, ಐದು ಪಂಪಿನ ಟಿಸಿ ಮತ್ತು ಇತರೆ ಪಾಲು 4.25 ಲಕ್ಷ, 3 ರೂಪಾಯಿಯಂತೆ ಕರೆಂಟು 10.3 ಲಕ್ಷ. ಒಟ್ಟು 18.15 ಲಕ್ಷ. ಲೈನೇ ಅಗ್ಗ, ನೀರೂ ಜಾಸ್ತಿ. ಒಬ್ಬನಿಗೆ 250 ಮೀಟರ್ ಎಂದ ಅದೇ ಲೆಕ್ಕ ಐವರಿಗೆ 1,250 ಮೀಟರ್ ಎನ್ನುತ್ತದೆ.

ತಿರುಗಾ ಮುರುಗಾ ಕೂಡ ನಡೆಯುತ್ತದೆ. 480 ಮೀಟರ್ ದೂರದಲ್ಲಿ ಒಂಟಿ ಬೋರು, ಸುತ್ತ ಖುಷ್ಕಿ ಜಮೀನು, ಇನ್ನೊಬ್ಬರು ಬೋರು ಕೊರೆಸುವ ಲಕ್ಷಣವೇ ಇಲ್ಲ. ನಿಯಮದ ಪ್ರಕಾರ ಅದಕ್ಕೆ ಲೈನ್. ಒಬ್ಬನಿಗಾಗಿ 25 ಕೆವಿಎ ಟಿಸಿ, ಅದರಲ್ಲಿ ಮುಕ್ಕಾಲು ಭಾಗ ಖಾಲಿ. ಮೋಟ್ರು ಓಡದಿದ್ದರೂ ಟಿಸಿ ತನ್ನ ಪಾಡಿಗೆ ಹಗಲೂ ರಾತ್ರಿ ಒಂದಿಷ್ಟು ಕರೆಂಟ್ ನುಂಗುತ್ತಿರುತ್ತದೆ.

ಇದನ್ನು ಒಟ್ಟಿಗೆ ನೋಡುವ ವಿಧಾನ ಹೊಸದೇನಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ ನೆಟ್‌ವರ್ಕ್ ಪ್ಲಾನರ್ ಎಂಬ ಸಾಧನವನ್ನು ಕೀನ್ಯಾ, ಘಾನಾ, ನೈಜೀರಿಯಾದ ಊರುಗಳ ವಿದ್ಯುದೀಕರಣಕ್ಕೆ ಬಳಸಿದ್ದಾರೆ. ಅದರಲ್ಲಿ ಪ್ರತಿ ಊರಿಗೂ ಅದರದ್ದೇ ಮೀಟರ್ ಬರುತ್ತದೆ. ಜಾಲ ಇಲ್ಲದೆ ಕರೆಂಟ್ ಕೊಡಲು ಎಷ್ಟು, ಜಾಲದಿಂದ ಕೊಡಲು ಲೈನ್ ಬಿಟ್ಟು ಎಷ್ಟು, ಎರಡರ ವ್ಯತ್ಯಾಸವನ್ನು ಮೀಟರಿನ ದರದಿಂದ ಭಾಗಿಸಿದರೆ ಆ ಊರಿಗೆ ಎಳೆಯಬಹುದಾದ ಗರಿಷ್ಠ ಲೈನು. ಮೇಲೆ ನಾವು ಮಾಡಿದ್ದೂ ಅದನ್ನೇ. ಆಮೇಲೆ ಅದು ಊರುಗಳನ್ನು ಒಂದಕ್ಕೊಂದು ಪೋಣಿಸುತ್ತದೆ. ಒಂದು ಊರು ಸೇರಿದರೆ ಅಲ್ಲಿಂದ ಮುಂದಿನ ಊರು ಹತ್ತಿರವಾಗುತ್ತದೆ, ಹೀಗೆ. ಎಂಐಟಿ ಮತ್ತು ಸ್ಪೇನಿನ ಕೊಮಿಯಾಸ್ ವಿಶ್ವವಿದ್ಯಾಲಯದವರ ಇನ್ನೊಂದು ಮಾದರಿ ಮನೆ ಮನೆಯ ಮಟ್ಟಕ್ಕೆ ಇಳಿಯುತ್ತದೆ, ಅದನ್ನು ಬಿಹಾರದ ವೈಶಾಲಿ ಜಿಲ್ಲೆಗೆ ಹಾಕಿ ನೋಡಿದ್ದಾರೆ. ನಮ್ಮಲ್ಲಿ ಲಕ್ಷಗಟ್ಟಲೆ ಅರ್ಜಿಗಳು ಎಸ್ಕಾಂಗಳ ಕೈಯಲ್ಲಿದ್ದವು. ಸರ್ವೆ ನಂಬರ್ ಇದೆ, ಇರುವ ಟಿಸಿ ಎಲ್ಲಿದೆ ಗೊತ್ತಿದೆ. ಒಂದು ಸೆಕ್ಷನ್ ಕಚೇರಿಯ ವ್ಯಾಪ್ತಿಯಲ್ಲಾದರೂ ಅರ್ಜಿಗಳನ್ನು ಒಟ್ಟಿಗೆ ನಕ್ಷೆಯ ಮೇಲೆ ಹರಡಿ ಗುಂಪು ಗುಂಪಾಗಿ ತೀರ್ಮಾನಿಸುವುದು ಆಗದ ಕೆಲಸವೇನಲ್ಲ.

ಮೇಲಿನ ಜಾಲ

40,000 ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದೆನಲ್ಲ, ಫೀಡರು-ಸಬ್‌ಸ್ಟೇಷನ್ ಪಾಲು, ಅದು ನಿಜಕ್ಕೂ ಒಂದು ಸ್ಥಿರ ಸಂಖ್ಯೆ ಅಲ್ಲ. ಹೊತ್ತಿನ ಮೇಲೆ ನಿಂತಿದೆ.

ಐಪಿ ಫೀಡರುಗಳನ್ನು ಬ್ಯಾಚ್ ಮಾಡಿ ಓಡಿಸುವುದು ಹಳೆಯ ಪದ್ಧತಿ. ಅರ್ಧ ಫೀಡರಿಗೆ ಹಗಲು, ಅರ್ಧಕ್ಕೆ ರಾತ್ರಿ, ವಾರಕ್ಕೊಮ್ಮೆ ಅದಲು ಬದಲು. ಒಂದು ಸಬ್‌ಸ್ಟೇಷನ್‌ನಲ್ಲಿ 10 ಮೆಗಾವ್ಯಾಟ್ ಪಂಪುಗಳಿದ್ದರೆ ಒಂದು ಹೊತ್ತಿಗೆ ಓಡುವುದು 5. 8 ಎಂವಿಎ ಟ್ರಾನ್ಸ್‌ಫಾರ್ಮರ್ ಇದ್ದರೂ ನಡೆಯುತ್ತದೆ (ಎಂವಿಎ ಎಂದರೆ ಸಾವಿರ ಕೆವಿಎ). ಈಗ ಎಲ್ಲರಿಗೂ ಹಗಲಲ್ಲೇ 7 ಗಂಟೆ ಕೊಡುತ್ತೇವೆ ಎಂದರೆ 10 ಮೆಗಾವ್ಯಾಟೂ ಒಟ್ಟಿಗೆ. ಹಗಲಿನ ಸೋಲಾರ್ ಕರೆಂಟು ಯೂನಿಟ್ಟಿಗೆ ಅಗ್ಗ, ರೈತನಿಗೂ ರಾತ್ರಿ ಹಾವು-ಚೇಳಿನ ಭಯ ಇಲ್ಲ, ಎಲ್ಲ ಸರಿ. ಆದರೆ ಆ 8 ಎಂವಿಎ ಸಾಲುವುದಿಲ್ಲ. ಉತ್ಪಾದನೆಯ ಪುಟದಲ್ಲಿ ಉಳಿದ ದುಡ್ಡು ಸಬ್‌ಸ್ಟೇಷನ್ ಪುಟದಲ್ಲಿ ಖರ್ಚಾಗುತ್ತದೆ.

ಅದೇ ಕುಸುಮ್ ಯೋಜನೆಯ ಸಿ ವಿಭಾಗ ಇದಕ್ಕೆ ಒಂದು ಉತ್ತರ. ಸಬ್‌ಸ್ಟೇಷನ್ ಹತ್ತಿರವೇ ಕೆಲವು ಮೆಗಾವ್ಯಾಟ್ ಸೋಲಾರ್ ಘಟಕ ಹಾಕಿ ಐಪಿ ಫೀಡರುಗಳಿಗೆ ಕರೆಂಟ್ ಕೊಡುವುದು. ಫೀಡರ್ ಮಟ್ಟದ ಈ ರೂಪಕ್ಕೆ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಕೊಟ್ಟಿತು, ಮೆಗಾವ್ಯಾಟಿಗೆ 1.05 ಕೋಟಿಯವರೆಗೆ ಸಹಾಯಧನ. ಬಿಸಿಲಿರುವ ಹೊತ್ತಿಗೇ ಪಂಪು ಓಡುವುದರಿಂದ 66 ಕೆವಿ ಲೈನು, ಪವರ್ ಟ್ರಾನ್ಸ್‌ಫಾರ್ಮರಿನ ಭಾರ ಇಳಿಯುತ್ತದೆ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಆಗ ಪಂಪಿನ ಬಳಕೆಯೂ ಕಡಿಮೆ. ಚೆನ್ನಾಗಿಯೇ ಹೊಂದುತ್ತದೆ.

ಆದರೆ ಘಟಕ ಸಬ್‌ಸ್ಟೇಷನ್ನಿನ ಪಕ್ಕ ಇದ್ದರೆ ಅದರ ಮೇಲಿನ ಜಾಲಕ್ಕೆ ಮಾತ್ರ ಸಹಾಯ. ಕೆಳಗಿನ 11 ಕೆವಿ ಫೀಡರಿನಲ್ಲಿ ಹರಿಯುವ ಆಂಪಿಯರ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ. 15 ಕಿಲೋಮೀಟರ್ ಆಚೆಯ ಟಿಸಿಯಲ್ಲಿ ವೋಲ್ಟೇಜು ಮೊದಲಿನಷ್ಟೇ. ಅಲ್ಲಿಗೆ ನಿಜವಾಗಿ ಉಪಕಾರ ಆಗುವುದು ಫೀಡರಿನ ತುದಿಯಲ್ಲಿ ಓಡುವ ಸೋಲಾರ್ ಪಂಪಿನಿಂದ. ಅಂದರೆ ಕುಸುಮ್ ಬಿ ಮತ್ತು ಸಿ ಬೇರೆ ಬೇರೆ ಕಾಯಿಲೆಗೆ ಬೇರೆ ಬೇರೆ ಔಷಧಿ. ಫೀಡರಿನ ಬುಡದಲ್ಲಿರುವ ಬೋರಿಗೆ 600 ಮೀಟರ್ ಲೈನ್ ಎಳೆದರೂ ಜಾಲಕ್ಕೆ ನೋವಾಗುವುದಿಲ್ಲ, ತುದಿಯಲ್ಲಿ ಬಗ್ಗಿ ಹೋಗಿರುವ ಫೀಡರಿಗೆ 100 ಮೀಟರ್ ಒಳಗಿನ ಮೋಟ್ರೂ ಭಾರ. ಈಗಿನ ನಿಯಮಕ್ಕೆ ಎರಡೂ ಒಂದೇ.

ನನ್ನ ಕೈಯಲ್ಲಿದ್ದರೆ ಅರ್ಜಿ ನಮೂನೆಯಲ್ಲಿ ದೂರದ ಪಕ್ಕ ಮೂರು ಖಾನೆ ಸೇರಿಸುತ್ತಿದ್ದೆ. ಬೋರಿನ ಆಳ. ಒಂದು ಕಿಲೋಮೀಟರ್ ಸುತ್ತ ಬಾಕಿ ಇರುವ ಇತರ ಅರ್ಜಿಗಳು. ಬೇಸಗೆಯ ಹಗಲಲ್ಲಿ ಹತ್ತಿರದ ಟಿಸಿಯಲ್ಲಿ ಸಿಕ್ಕ ವೋಲ್ಟೇಜು. ಮೊದಲನೆಯದನ್ನು ರೈತನೇ ಹೇಳುತ್ತಾನೆ, ಎರಡನೆಯದು ಕಚೇರಿಯ ಕಂಪ್ಯೂಟರಿನಲ್ಲಿ ಇದೆ, ಮೂರನೆಯದಕ್ಕೆ ಲೈನ್‌ಮನ್ ಒಂದು ಕ್ಲಾಂಪ್ ಮೀಟರ್ ಹಿಡಿದು ನಿಂತರೆ ಸಾಕು.

ಇನ್ನೊಂದು ವಿಷಯ ಈಗಲೇ ತೀರ್ಮಾನ ಆಗಬೇಕಿದೆ. ಇವತ್ತು 900 ಮೀಟರಿನಲ್ಲಿ ಸೋಲಾರ್ ಪಡೆದವನ ಹೊಲದ ಪಕ್ಕಕ್ಕೇ ಐದು ವರ್ಷದಲ್ಲಿ ಬೇರೆ ಯಾವುದೋ ಕಾರಣಕ್ಕೆ 11 ಕೆವಿ ಲೈನ್ ಬಂದರೆ ಏನು ಮಾಡುವುದು? ಆಗ ಅವನು ಲೈನಿಗೂ ಅರ್ಜಿ ಹಾಕುತ್ತಾನೆ, ಹಾಕದಿದ್ದರೆ ಕೊಕ್ಕೆ ಇದ್ದೇ ಇದೆ. ಪ್ಯಾನೆಲ್ಲುಗಳನ್ನೇ ಜಾಲಕ್ಕೆ ಸೇರಿಸಿ, ನೀರು ಬೇಡದ ದಿನ ಕರೆಂಟ್ ಮಾರುವ ದಾರಿಯೂ ಒಂದಿದೆ. ಕನಕಪುರದ ಹಾರೋಬೆಲೆ ಕಡೆ ಸೂರ್ಯ ರೈತ ಯೋಜನೆಯಲ್ಲಿ 300ಕ್ಕೂ ಹೆಚ್ಚು ಪಂಪುಗಳಲ್ಲಿ ಹೊರಟದ್ದು ಅದಕ್ಕೇ. ಹಾಗೆ ಮಾಡುವುದಾದರೆ ಕಂಟ್ರೋಲರ್ ಕೊಳ್ಳುವಾಗಲೇ ಜಾಲಕ್ಕೆ ಸೇರಿಸಬಲ್ಲದ್ದನ್ನು ಕೊಳ್ಳಬೇಕು, ಮತ್ತು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ವಾಪಸ್ ತಳ್ಳುವ ಕರೆಂಟನ್ನು ಅದೇ 25 ಕೆವಿಎ ಟಿಸಿ ತಡೆಯುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.